ಹೊರಗಿನ ವೈರಿಂಗ್‌ನಲ್ಲಿ ಬಂದು ಹೋಗುವ ಅರ್ಥ್ ಲೀಕೇಜ್: ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಸಿಸಿಬಿ (ಲೀಕೇಜ್ ಆದರೆ ಕರೆಂಟು ಕಡಿಯುವ ಸ್ವಿಚ್ಚು) ಯಾವಾಗಲೋ ಒಮ್ಮೆ ಬೀಳುತ್ತದೆ. ಮತ್ತೆ ಎತ್ತಿದರೆ ದಿನಗಟ್ಟಲೆ ಸುಮ್ನೆ ಇರುತ್ತದೆ. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾ?

ಕೆಡಿಸಿಕೊಳ್ಳಬೇಕು. ಅದು ಬಿತ್ತು ಅಂದರೆ ಎಲ್ಲೋ ಕರೆಂಟು ತನ್ನ ದಾರಿ ಬಿಟ್ಟು ಬೇರೆ ಕಡೆ ಹರಿಯಿತು ಅಂತ ಅರ್ಥ. ಎತ್ತಿದ ಮೇಲೆ ನಿಂತಿತು ಅಂದರೆ ಆ ಕ್ಷಣಕ್ಕೆ ಸೋರಿಕೆ ಕಡಿಮೆಯಾಗಿದೆ ಅಂತ ಅಷ್ಟೇ, ಸರಿಹೋಗಿದೆ ಅಂತ ಅಲ್ಲ. ಹೊರಗಿನ ವೈರಿಂಗ್‌ನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಜನ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಕಂಬ, ಗೇಟು, ನಲ್ಲಿ, ಪಂಪು ಮುಟ್ಟುತ್ತಾರೆ.

ಬಂದು ಹೋಗುವ ಲೀಕೇಜ್ ಹುಡುಕುವುದು ಕಷ್ಟ, ನಿಜ. ನಾವು ನೋಡಲು ಹೋದಾಗ ಅದು ಇರುವುದಿಲ್ಲ. ಆದರೆ ಒಂದು ಸಮಾಧಾನ ಇದೆ. ಟ್ರಿಪ್ ಬಂದು ಹೋಗುತ್ತದೆ, ಇನ್ಸುಲೇಶನ್ ದುರ್ಬಲವಾಗಿರುವುದು ಮಾತ್ರ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಸರಿಯಾದ ಮೀಟರ್ ಹಿಡಿದು, ಸರಿಯಾಗಿ ಬೇರ್ಪಡಿಸಿ ನೋಡಿದರೆ ಟ್ರಿಪ್ ಆಗದ ದಿನವೂ ಅದು ಸಿಗುತ್ತದೆ.

ಬಿದ್ದದ್ದು ಲೀಕೇಜ್‌ಗೇ ಅಂತ ಹೇಗೆ ಗೊತ್ತಾಗುತ್ತದೆ?

ಬೋರ್ಡಿನಲ್ಲಿ ಯಾವ ಸ್ವಿಚ್ಚು ಕೆಳಗಿದೆ ನೋಡಿ. ಎಂಸಿಬಿ, ಅಂದರೆ ಒಂದೊಂದು ಸರ್ಕ್ಯೂಟಿಗೆ ಇರುವ ಸಣ್ಣ ಸ್ವಿಚ್ಚು, ಬಿದ್ದಿದ್ದರೆ ಅದು ಓವರ್‌ಲೋಡ್ ಅಥವಾ ಶಾರ್ಟ್. ಟೆಸ್ಟ್ ಬಟನ್ ಇರುವ ದೊಡ್ಡ ಸ್ವಿಚ್ಚು ಬಿದ್ದಿದ್ದರೆ ಅದು ಆರ್‌ಸಿಸಿಬಿ, ಲೀಕೇಜ್‌ಗೆ ಬೀಳುವಂಥದ್ದು. ತುಂಬಾ ಜನ ಇದನ್ನೇ ಈಗಲೂ ಇಎಲ್‌ಸಿಬಿ ಅನ್ನುತ್ತಾರೆ. ಆರ್‌ಸಿಬಿಒ ಅಂತ ಇನ್ನೊಂದಿದೆ, ಅದರಲ್ಲಿ ಎರಡೂ ಕೆಲಸ ಸೇರಿರುತ್ತದೆ. ಹಾಗಾಗಿ ಅದು ಬಿದ್ದರೆ ಯಾವ ಕಾರಣಕ್ಕೆ ಅಂತ ನೋಡಿದ ಕೂಡಲೇ ಹೇಳಲಾಗದು.

30 ಮಿಲಿ ಆಂಪಿಯರ್ ಅಂತ ಬರೆದಿರುತ್ತಲ್ಲ, ಅದೇನು?

ಫೇಸ್‌ನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕು. ಆರ್‌ಸಿಸಿಬಿ ಒಳಗೆ ಒಂದು ಉಂಗುರದಂಥ ಕೋರ್ ಇದೆ, ಎರಡೂ ಅದರೊಳಗಿಂದ ಹಾದುಹೋಗುತ್ತವೆ. ಹೋದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸ ಬಂದರೆ ಅದು ಸ್ವಿಚ್ಚನ್ನು ಬೀಳಿಸುತ್ತದೆ. 30 ಅಂತ ಬರೆದಿದ್ದರೆ 30 ಮಿಲಿ ಆಂಪಿಯರ್‌ಗೆ ಬೀಳಲೇಬೇಕು, 15ರವರೆಗೆ ಬೀಳಬಾರದು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಲೆಕ್ಕ. 230 ವೋಲ್ಟಿಗೆ 30 ಮಿಲಿ ಆಂಪಿಯರ್ ಅಂದರೆ ಹೆಚ್ಚುಕಡಿಮೆ 7 ವಾಟ್. ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು. 16 ಆಂಪಿಯರ್ ಎಂಸಿಬಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಒದ್ದೆಯಾದ ಒಂದು ಟರ್ಮಿನಲ್ ಬ್ಲಾಕನ್ನು ಬಿಸಿ ಮಾಡಿ ಒಣಗಿಸಲು ಅದರಲ್ಲಿ ಸ್ವಲ್ಪ ಭಾಗ ಸಾಕು. ಈ ತೊಂದರೆ ತಾನಾಗಿಯೇ ವಾಸಿಯಾದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಸೋರಿದ ಕರೆಂಟೇ ಅಲ್ಲಿನ ನೀರನ್ನು ಆರಿಸುತ್ತದೆ. ನೀರು ಆರಿದ ಮೇಲೆ ಅದರಲ್ಲಿದ್ದ ಉಪ್ಪು, ಧೂಳು, ಸುಟ್ಟ ಕರಿ ಅಲ್ಲೇ ಉಳಿಯುತ್ತವೆ. ಮುಂದಿನ ಸಲ ಇನ್ನೂ ಕಡಿಮೆ ತೇವಕ್ಕೇ ಸೋರುತ್ತದೆ.

ಜೋರು ಮಳೆಯಲ್ಲಿ ಏನೂ ಆಗಲಿಲ್ಲ. ಮಳೆಯೇ ಇಲ್ಲದ ದಿನ ನಸುಕಿನಲ್ಲಿ ಬಿತ್ತು. ಹಾಗಾದರೆ ನೀರಿನ ತೊಂದರೆ ಅಲ್ಲ ಅಲ್ವಾ?

ನೀರಿನದೇ ಇರಬಹುದು. ಹೊರಗಿನ ಬಾಕ್ಸುಗಳು ಉಸಿರಾಡುತ್ತವೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸಂದಿಯಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಒಳಗಿನ ಒತ್ತಡ ಇಳಿದು, ಹೊರಗಿನ ತೇವದ ಗಾಳಿಯನ್ನು ಅದೇ ಸಂದಿಯಿಂದ ಎಳೆದುಕೊಳ್ಳುತ್ತದೆ. ಆ ತೇವ ಬೆಳಗಿನ ಜಾವ ಮುಚ್ಚಳದ ಒಳಮೈಯಲ್ಲಿ ಹನಿಯಾಗಿ ಕೂರುತ್ತದೆ. ದಿನಾ ಒಂದೆರಡು ಹನಿ, ಹೊರಗೆ ಹೋಗಲು ದಾರಿ ಇಲ್ಲ. ಕೆಲವು ವಾರ ಕಳೆದರೆ ಬಾಕ್ಸಿನ ತಳದಲ್ಲಿ ಬೆರಳು ಅದ್ದುವಷ್ಟು ನೀರು ನಿಂತಿರುತ್ತದೆ, ಒಂದು ದಿನವೂ ಮಳೆ ಬರದಿದ್ದರೂ.

ಇನ್ನೊಂದು ಏನೆಂದರೆ ನೀರು ನಿಧಾನವಾಗಿ ಇಳಿಯುತ್ತದೆ. ಮಳೆ ನಿಂತ ಎಷ್ಟೋ ಗಂಟೆ ಬಿಟ್ಟು ಪೈಪಿನೊಳಗೆ ಹರಿದು ಕೆಳಗಿನ ಬಾಕ್ಸಿಗೆ ಬರಬಹುದು. ನೆಲದೊಳಗಿನ ಜಾಯಿಂಟು ಆದರೆ ಮಣ್ಣು ಪೂರ್ತಿ ನೆನೆಯುವವರೆಗೆ ಸುಮ್ಮನಿದ್ದು, ಮಳೆ ಮರೆತೇಹೋದ ಮೇಲೆ ಬೀಳಿಸಬಹುದು.

ಹುಡುಕುವುದು ಎಲ್ಲಿಂದ ಶುರು ಮಾಡಲಿ?

ಬೋರ್ಡಿನ ಪಕ್ಕ ಒಂದು ಪುಸ್ತಕ, ಒಂದು ಪೆನ್ನು ಇಡಿ. ಸ್ಕ್ರೂಡ್ರೈವರ್ ಆಮೇಲೆ. ಬಿದ್ದಾಗಲೆಲ್ಲ ಬರೆಯಿರಿ: ದಿನ, ಗಂಟೆ, ಹವೆ ಹೇಗಿತ್ತು, ಹೊರಗೆ ಏನು ಆನ್ ಇತ್ತು, ಒಳಗೆ ಆಗ ತಾನೇ ಏನು ಹಾಕಿದಿರಿ, ಎತ್ತಿದರೆ ಕೂಡಲೇ ನಿಂತಿತೇ ಇಲ್ಲವೇ.

ಹೀಗೆ ಬರೆದಿಟ್ಟ ಒಂದು ಹಾಳೆ ನನಗೆ ಈಗಲೂ ನೆನಪಿದೆ. ಸೋಮವಾರ ಸಂಜೆ 6.40. ಬುಧವಾರ 6.40. ಗುರುವಾರ 6.41. ಮನೆಯವರು ಮಳೆ ಮಳೆ ಅಂತಲೇ ಹೇಳುತ್ತಿದ್ದರು. ಆದರೆ ಟೈಮರ್ 6.40ಕ್ಕೆ ತೋಟದ ದೀಪ ಹಾಕುತ್ತಿತ್ತು. ಯಾವ ಲೈನು ಅಂತ ಹುಡುಕುವ ಅರ್ಧ ಕೆಲಸ ಆ ಮೂರು ಸಾಲಲ್ಲೇ ಮುಗಿದಿತ್ತು.

ಟ್ರಿಪ್ ಆಗುವ ರೀತಿಯಲ್ಲೂ ಸುಳಿವು ಇದೆ. ಒಂದು ಸ್ವಿಚ್ಚು ಹಾಕಿದ ಕೂಡಲೇ ಬಿದ್ದರೆ ಆ ಸ್ವಿಚ್ಚಿನ ಆಚೆ ಫೇಸ್ ಸೋರುತ್ತಿರಬಹುದು. ಏನೂ ಮುಟ್ಟದೆ, ಯಾರೂ ಎದ್ದಿರದ ಹೊತ್ತಿನಲ್ಲಿ ಬಿದ್ದರೆ ಸದಾ ಲೈವ್ ಆಗಿರುವ ಕೇಬಲ್ಲು, ಬಾಕ್ಸು, ಸೆನ್ಸರ್, ಗೇಟಿನ ಮೋಟರು ಇವುಗಳ ಕಡೆ ನೋಡಿ. ಒಳಗೆ ಇಸ್ತ್ರಿಪೆಟ್ಟಿಗೆಯನ್ನೋ ಗೀಸರನ್ನೋ ಹಾಕಿದಾಗ ಬಿದ್ದರೆ ಆ ಉಪಕರಣವನ್ನೇ ದೂರಬೇಡಿ, ಮುಂದಿನ ಪ್ರಶ್ನೆ ಓದಿ.

ಹೊರಗಿನ ಎಂಸಿಬಿ ಆಫ್ ಮಾಡಿದ್ದೆ, ಆದರೂ ಆರ್‌ಸಿಸಿಬಿ ಬಿತ್ತು. ಅಂದರೆ ತೊಂದರೆ ಮನೆಯೊಳಗೇ ಇದೆ, ಅಲ್ವಾ?

ಅಲ್ಲ. ಈ ಇಡೀ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಈ ಒಂದು ತಪ್ಪಿನಿಂದ ಜನ ವಾರಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುತ್ತಾರೆ, ಕೆಲಸ ಗೊತ್ತಿರುವವರೂ.

ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸ್ ಮಾತ್ರ. ಆ ಸರ್ಕ್ಯೂಟಿನ ನ್ಯೂಟ್ರಲ್ ಇನ್ನೂ ನ್ಯೂಟ್ರಲ್ ಬಾರಿಗೆ (ಎಲ್ಲ ನ್ಯೂಟ್ರಲ್ ವೈರು ಸೇರುವ ಲೋಹದ ಪಟ್ಟಿ) ಸೇರಿಯೇ ಇರುತ್ತದೆ, ಅಂದರೆ ಆರ್‌ಸಿಸಿಬಿಗೆ ಸೇರಿಯೇ ಇರುತ್ತದೆ. ಹೊರಗೆ ಎಲ್ಲೋ ಆ ನ್ಯೂಟ್ರಲ್ ಅರ್ಥ್‌ಗೆ ತಾಗಿದ್ದರೆ, ಎಂಸಿಬಿ ಆಫ್ ಇದ್ದರೂ ಆ ದಾರಿ ತೆರೆದೇ ಇದೆ.

ನ್ಯೂಟ್ರಲ್‌ನಲ್ಲಿ ವೋಲ್ಟೇಜ್ ಇಲ್ಲವಲ್ಲ, ಹೇಗೆ ಸೋರುತ್ತದೆ ಅಂತ ಕೇಳಬಹುದು. ಇರುತ್ತದೆ, ಸ್ವಲ್ಪ. ಮನೆಯಲ್ಲಿ ಲೋಡ್ ಓಡುವಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಕೆಲವು ವೋಲ್ಟ್ ಬರುತ್ತದೆ. 3 ವೋಲ್ಟ್ ಅಂತಲೇ ಇಟ್ಟುಕೊಳ್ಳಿ. ಸೋರುವ ದಾರಿಯ ರೆಸಿಸ್ಟೆನ್ಸ್ ಒಟ್ಟು 100 ಓಮ್ ಇದ್ದರೆ ಹರಿಯುವುದು 30 ಮಿಲಿ ಆಂಪಿಯರ್. ಅಷ್ಟು ಸಾಕು. ಲೋಡ್ ಕಡಿಮೆ ಇದ್ದಾಗ ಆ 3 ವೋಲ್ಟ್ ಅರ್ಧ ವೋಲ್ಟಾಗುತ್ತದೆ, ಸೋರಿಕೆ 5ಕ್ಕೆ ಇಳಿಯುತ್ತದೆ, ಆರ್‌ಸಿಸಿಬಿ ಸುಮ್ಮನಿರುತ್ತದೆ. ಗೀಸರ್ ಹಾಕಿದಿರಿ, ನ್ಯೂಟ್ರಲ್ ಮೇಲೆ ಕರೆಂಟು ಏರಿತು, ವೋಲ್ಟೇಜ್ ಏರಿತು, ಬಿತ್ತು. ಎಲ್ಲರೂ ಗೀಸರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಗೇಟಿನ ಹತ್ತಿರದ ದೀಪದ ನ್ಯೂಟ್ರಲ್.

ಬಂದು ಹೋಗುವ ಟ್ರಿಪ್‌ಗಳಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಫೇಸ್ ಸೋರಿದರೆ ಬಹಳ ಸಲ ಬೇಗ ಎದ್ದು ಕಾಣುತ್ತದೆ. ನ್ಯೂಟ್ರಲ್ ಸೋರಿದರೆ ಅದು ಬೇರೆಯವರ ಹೆಗಲ ಮೇಲೆ ತಪ್ಪು ಹಾಕುತ್ತದೆ.

ಹಾಗಾದರೆ ಹೊರಗಿನ ಲೈನನ್ನು ಪೂರ್ತಿ ಬೇರೆ ಮಾಡೋದು ಹೇಗೆ?

ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಬೇಕು. ಮೇನ್ ಆಫ್ ಮಾಡಿ, ಕರೆಂಟು ಇಲ್ಲ ಅಂತ ನಂಬಿಕೆಯ ಮೀಟರಿನಲ್ಲಿ ಖಚಿತ ಮಾಡಿಕೊಂಡು, ಎಂಸಿಬಿಯಿಂದ ಫೇಸನ್ನೂ ಬಾರಿನಿಂದ ಅದೇ ಸರ್ಕ್ಯೂಟಿನ ನ್ಯೂಟ್ರಲನ್ನೂ ತೆಗೆದು, ತುದಿಗೆ ಕನೆಕ್ಟರ್ ಹಾಕಿ ಮುಚ್ಚಿಡಬೇಕು. ಇದು ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಮಾಡಬೇಕಾದ ಕೆಲಸ. ಮೇನ್ ಆಫ್ ಮಾಡಿದರೂ ಮೇನ್ ಸ್ವಿಚ್ಚಿನ ಮೇಲಿನ ತುದಿಗಳಲ್ಲಿ ಕರೆಂಟು ಇದ್ದೇ ಇರುತ್ತದೆ.

ಯಾವ ನ್ಯೂಟ್ರಲ್ ಯಾವ ಸರ್ಕ್ಯೂಟಿನದು ಅಂತ ಬಾರಿನ ಮೇಲೆ ಬರೆದಿರುವುದು ಅಪರೂಪ. ಇದನ್ನು ಗುರುತಿಸುವಾಗಲೇ ನಂಬರ್ ಸ್ಟಿಕ್ಕರ್ ಹಚ್ಚಿಬಿಡಿ. ಹೀಗೆ ಬಿಚ್ಚುವಾಗ ಇನ್ನೊಂದು ತಪ್ಪು ಕೂಡ ಕಣ್ಣಿಗೆ ಬೀಳುವುದುಂಟು: ಹೊರಗಿನ ದೀಪಕ್ಕೆ ಫೇಸ್ ಒಂದು ಸರ್ಕ್ಯೂಟಿನಿಂದ, ನ್ಯೂಟ್ರಲ್ ಇನ್ನೊಂದರಿಂದ. ಎರಡೂ ಬೇರೆ ಬೇರೆ ಆರ್‌ಸಿಸಿಬಿಗೆ ಸೇರಿದ್ದರೆ ಆ ದೀಪ ಹಾಕಿದಾಗ, ಅದರ ಕರೆಂಟು ಟ್ರಿಪ್ ಮಾಡುವಷ್ಟಿದ್ದರೆ, ಬೀಳುತ್ತದೆ. ಸಣ್ಣ ಎಲ್‌ಇಡಿ ಆದರೆ ಒಮ್ಮೆ ಬೀಳುತ್ತದೆ, ಒಮ್ಮೆ ಬೀಳುವುದಿಲ್ಲ. ಇನ್ಸುಲೇಶನ್ ಎಷ್ಟು ಚೆನ್ನಾಗಿದ್ದರೂ ಇದು ನಿಲ್ಲದು.

ಹೊರಗಿನ ಲೈನು ಪೂರ್ತಿ ಬಿಚ್ಚಿ ಇಟ್ಟ ಮೇಲೆ ಕಾಯಿರಿ. ದಿನಕ್ಕೊಮ್ಮೆ ಬೀಳುತ್ತಿದ್ದದ್ದು ಒಂದು ವಾರ ಬೀಳಲಿಲ್ಲ ಅಂದರೆ ತೊಂದರೆ ಹೊರಗೇ ಇದೆ. ತಿಂಗಳಿಗೊಮ್ಮೆ ಬೀಳುತ್ತಿದ್ದರೆ ಒಂದು ವಾರದಿಂದ ಏನೂ ತಿಳಿಯದು, ಆಗ ಮೀಟರೇ ಗತಿ.

ಮಲ್ಟಿಮೀಟರಿನಲ್ಲಿ ಫೇಸ್‌ನಿಂದ ಅರ್ಥ್‌ಗೆ ನೋಡಿದೆ, ಪೂರ್ತಿ ಓಪನ್ ತೋರಿಸಿತು. ಅಂದರೆ ಕೇಬಲ್ ಚೆನ್ನಾಗಿದೆಯಾ?

ಹಾಗಂತ ಹೇಳಲಾಗದು. ಮಲ್ಟಿಮೀಟರ್ ಓಮ್ ಅಳೆಯಲು ಹಾಕುವುದು ಕೆಲವೇ ವೋಲ್ಟ್. ಲೈನಿನಲ್ಲಿ ಓಡುವುದು 230 ವೋಲ್ಟ್, ಅದರ ತುದಿ 325 ವೋಲ್ಟಿನವರೆಗೆ ಹೋಗುತ್ತದೆ. ಸಣ್ಣ ವೋಲ್ಟೇಜಿಗೆ ಸುಮ್ಮನಿರುವ ಸುಟ್ಟ ಕರಿ ಗೆರೆ, ಸೀಳಿದ ಇನ್ಸುಲೇಶನ್ನು ದೊಡ್ಡ ವೋಲ್ಟೇಜಿಗೆ ಸೋರುತ್ತದೆ. ಮಲ್ಟಿಮೀಟರ್ ತಪ್ಪು ತೋರಿಸಿದರೆ ತಪ್ಪು ಇದೆ ಅಂತ ನಂಬಿ. ಏನೂ ತೋರಿಸದಿದ್ದರೆ ಅದರಿಂದ ಯಾವ ತೀರ್ಮಾನಕ್ಕೂ ಬರಬೇಡಿ.

ಮೆಗ್ಗರ್‌ನಲ್ಲಿ ಎಷ್ಟು ಬರಬೇಕು?

ಮೆಗ್ಗರ್ ಅಂದರೆ ಇನ್ಸುಲೇಶನ್ ಟೆಸ್ಟರ್. 230 ವೋಲ್ಟಿನ ಲೈನಿಗೆ 500 ವೋಲ್ಟ್ ಡಿಸಿ ಹಾಕಿ ನೋಡುತ್ತಾರೆ. ವೈರಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 60364ರ ಪ್ರಕಾರ ಕನಿಷ್ಠ 1 ಮೆಗಾಓಮ್ (10 ಲಕ್ಷ ಓಮ್) ಬರಬೇಕು.

ಆದರೆ ಆ 1 ಮೆಗಾಓಮನ್ನು ಪಾಸು-ಫೇಲು ಅಂತ ನೋಡಬೇಡಿ. 1 ಮೆಗಾಓಮಿನಲ್ಲಿ ಸೋರುವುದು ಕಾಲು ಮಿಲಿ ಆಂಪಿಯರಿಗಿಂತ ಕಡಿಮೆ. 30 ಮಿಲಿ ಆಂಪಿಯರ್ ಸೋರಬೇಕಾದರೆ ಫೇಸಿನ ಇನ್ಸುಲೇಶನ್ ಸುಮಾರು 7,700 ಓಮಿಗೆ ಇಳಿದಿರಬೇಕು. ನಡುವೆ ನೂರು ಪಟ್ಟಿಗೂ ಜಾಸ್ತಿ ಅಂತರ ಇದೆ. ಒಣಗಿದ ದಿನ 2 ಮೆಗಾಓಮ್ ತೋರಿಸಿದ ಸರ್ಕ್ಯೂಟು ನೆನೆದ ದಿನ ಆ ಅಂತರವನ್ನು ಸುಲಭವಾಗಿ ಇಳಿಯಬಲ್ಲದು. ಒಣಗಿರುವ ಒಳ್ಳೆಯ ಕೇಬಲ್ ನೂರಾರು ಮೆಗಾಓಮ್ ತೋರಿಸಬೇಕು. ಹಾಗಾಗಿ ಹೋಲಿಸಿ ನೋಡಿ. ಪಕ್ಕದ ಸರ್ಕ್ಯೂಟು 300 ತೋರಿಸಿ ಇದು 2 ತೋರಿಸಿದರೆ, ನಿಯಮದ ಪ್ರಕಾರ ಪಾಸಾದರೂ ನೀವು ಹುಡುಕುತ್ತಿರುವುದು ಇದೇ.

ಮಾಡುವ ಕ್ರಮ ಹೀಗೆ. ಬಲ್ಬು, ಎಲ್‌ಇಡಿಗೆ ಕರೆಂಟು ಕೊಡುವ ಡ್ರೈವರ್, ಟೈಮರ್, ಸೆನ್ಸರ್ ಎಲ್ಲ ಮೊದಲು ತೆಗೆಯಬೇಕು, ಇಲ್ಲದಿದ್ದರೆ 500 ವೋಲ್ಟಿಗೆ ಅವು ಸುಟ್ಟುಹೋಗಬಹುದು. ತೆಗೆಯಲಾಗದಿದ್ದರೆ ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದು ಅರ್ಥ್‌ಗೆ 250 ವೋಲ್ಟಿನಲ್ಲಿ ನೋಡಬೇಕು. ಎಲ್ಲ ತೆಗೆದಿದ್ದರೆ ಫೇಸ್-ಅರ್ಥ್ ಬೇರೆ, ನ್ಯೂಟ್ರಲ್-ಅರ್ಥ್ ಬೇರೆ ನೋಡಬೇಕು. ಸ್ವಿಚ್ಚುಗಳು ಆನ್ ಇರಬೇಕು, ಇಲ್ಲವಾದರೆ ಸ್ವಿಚ್ಚಿನ ಆಚೆಯ ಫೇಸ್ ವೈರನ್ನು ನೀವು ಅಳೆಯುತ್ತಲೇ ಇಲ್ಲ. ಒಂದು ನಿಮಿಷ ಹಿಡಿದು ನೋಡಿ. ಅಂಕಿ ಏರುತ್ತಾ ಹೋಗಿ ನಿಂತರೆ ಸರಿ. ಏರಿ, ಇಳಿದು, ಮತ್ತೆ ಏರಿ ಹೊಯ್ದಾಡುತ್ತಿದ್ದರೆ ಅಲ್ಲಿ ತೇವ ಇದೆ ಅಂತ ನನ್ನ ಅನುಭವ. ಅದೇ ಹೊತ್ತಿಗೆ ಇನ್ನೊಬ್ಬರು ಒಂದೊಂದೇ ಬಾಕ್ಸಿನ ಹತ್ತಿರ ಹೋಗಿ ಹೊರಗಿನಿಂದ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿದರೆ, ಅಂಕಿ ಕುಸಿದ ಜಾಗವೇ ಜಾಗ. ಟೆಸ್ಟ್ ಆದ ಮೇಲೆ ಉದ್ದ ಕೇಬಲ್ಲಿನಲ್ಲಿ ಚಾರ್ಜ್ ಉಳಿದಿರುತ್ತದೆ, ಅದು ಇಳಿಯುವವರೆಗೆ ತುದಿ ಮುಟ್ಟಬಾರದು.

ಸರ್ಕ್ಯೂಟಿನಲ್ಲಿ ಎಂಟು ದೀಪ ಇದೆ. ಎಂಟೂ ಬಿಚ್ಚಬೇಕಾ?

ಬೇಡ. ನಡುವೆ ಕಡಿಯಿರಿ. ನಾಲ್ಕನೇ ಬಾಕ್ಸಿನಲ್ಲಿ ಮುಂದಕ್ಕೆ ಹೋಗುವ ವೈರು ಬಿಚ್ಚಿ ಎರಡೂ ಕಡೆ ಅಳೆಯಿರಿ. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡಿ. ಮೂರು ಸಲಕ್ಕೆ ಒಂದೇ ದೀಪದ ಹತ್ತಿರ ಬಂದು ನಿಲ್ಲುತ್ತೀರಿ. ಎರಡು ಕಡೆ ತಪ್ಪಿದ್ದರೆ ಎರಡೂ ಅರ್ಧ ಕೆಟ್ಟದಾಗಿ ತೋರಿಸುತ್ತವೆ, ಹೊರಗೆ ಇದು ಅಪರೂಪವಲ್ಲ. ಒಂದು ಬಾಕ್ಸಿಗೆ ನೀರು ಹೋಗಿದ್ದರೆ ಅದೇ ದಿನ, ಅದೇ ಕೈಯಿಂದ ಹಾಕಿದ ಪಕ್ಕದ ಬಾಕ್ಸಿಗೂ ಹೋಗಿರುತ್ತದೆ.

ಎಲೆಕ್ಟ್ರಿಶಿಯನ್ ಬರುವ ಹೊತ್ತಿಗೆ ಎಲ್ಲ ಒಣಗಿರುತ್ತದೆ, ಮೀಟರಿನಲ್ಲೂ ಏನೂ ಕಾಣಲ್ಲ. ಏನು ಮಾಡೋದು?

ನಾವೇ ನೆನೆಸಬೇಕು. ಕರೆಂಟು ಪೂರ್ತಿ ತೆಗೆದು, ಎರಡೂ ವೈರು ಬಿಚ್ಚಿ, ಮೊದಲು ಒಣಗಿರುವಾಗಲೇ ಮೆಗ್ಗರ್ ಅಂಕಿ ಬರೆದುಕೊಳ್ಳಿ. ಆಮೇಲೆ ಗಿಡಕ್ಕೆ ನೀರು ಹಾಕುವ ಝಾರಿಯಿಂದ ಒಂದು ದೀಪಕ್ಕೆ ಮಾತ್ರ ಮಳೆಯಂತೆ ಮೇಲಿನಿಂದ ನೀರು ಬಿಡಿ. ಹತ್ತು ನಿಮಿಷ ಬಿಟ್ಟು ಅಳೆಯಿರಿ. ಬದಲಾಗಲಿಲ್ಲವಾದರೆ ಮುಂದಿನದು. ಎಲ್ಲದಕ್ಕೂ ಒಟ್ಟಿಗೆ ನೀರು ಹೊಡೆದರೆ ಯಾವುದರಿಂದ ಇಳಿಯಿತು ಅಂತ ತಿಳಿಯುವುದಿಲ್ಲ. ಪ್ರೆಶರ್ ಪಂಪಿನಿಂದ ಹೊಡೆಯಬೇಡಿ, ಅದು ಚೆನ್ನಾಗಿರುವ ಬಾಕ್ಸಿಗೂ ನೀರು ನುಗ್ಗಿಸುತ್ತದೆ.

ಲೈನ್ ಆನ್ ಇರುವಾಗ ನೀರು ಹಾಕಿ ಬೀಳುತ್ತದಾ ನೋಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಲೇಬೇಡಿ. ನೀರು ಹಿಡಿದು ಒದ್ದೆ ನೆಲದಲ್ಲಿ ನಿಂತವರ ಮೈಯೇ ಅಲ್ಲಿ ಸೋರಿಕೆಯ ದಾರಿಯಾಗಬಹುದು.

ಇನ್ನೊಂದು ಉಪಾಯ ಲೀಕೇಜ್ ಕ್ಲಾಂಪ್ ಮೀಟರ್. ಸಾಮಾನ್ಯ ಕ್ಲಾಂಪ್ ಅಲ್ಲ, ಮಿಲಿ ಆಂಪಿಯರಿನ ಹತ್ತನೇ ಒಂದು ಭಾಗವನ್ನಾದರೂ ತೋರಿಸುವಂಥದ್ದು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ದವಡೆಯೊಳಗೆ ಹಿಡಿದರೆ ಅದು ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ, ಆರ್‌ಸಿಸಿಬಿ ಮಾಡುವುದನ್ನೇ. ಅರ್ಥ್ ವೈರನ್ನು ಸೇರಿಸಿ ಹಿಡಿಯಬೇಡಿ. ಇದರಲ್ಲಿ ಏನನ್ನೂ ಬಿಚ್ಚಬೇಕಿಲ್ಲ, ಲೈನು ಓಡುತ್ತಿರುವಾಗಲೇ ನೋಡಬಹುದು, ಆದರೆ ತೆರೆದ ಬೋರ್ಡಿನಲ್ಲಿ ಮಾಡುವ ಕೆಲಸವಾದ್ದರಿಂದ ಅದೂ ಎಲೆಕ್ಟ್ರಿಶಿಯನ್ ಕೈಯಲ್ಲೇ ಆಗಬೇಕು. ಗರಿಷ್ಠ ಅಂಕಿ ಹಿಡಿದಿಡುವ ಮೀಟರ್ ಆದರೆ ಇನ್ನೂ ಒಳ್ಳೆಯದು.

ಸಾಮಾನ್ಯವಾಗಿ ತಪ್ಪು ಸಿಗೋದು ಎಲ್ಲಿ?

ಕೇಬಲ್ಲಿನ ನಡುವೆ ಕಡಿಮೆ, ಜಾಯಿಂಟುಗಳಲ್ಲಿ ಜಾಸ್ತಿ. ಮೇಲಿನಿಂದ ಕೇಬಲ್ ಇಳಿಸಿದ ಬಾಕ್ಸು, ಗ್ಲ್ಯಾಂಡ್ (ಕೇಬಲ್ ಬಾಕ್ಸಿನೊಳಗೆ ಹೋಗುವ ಕಡೆ ಸುತ್ತ ಬಿಗಿಯುವ ತಿರುಪು) ಬಿಗಿ ಮಾಡದ ಬಾಕ್ಸು, ಬೇಡದ ತೂತನ್ನು ಮುಚ್ಚದೆ ಬಿಟ್ಟ ಬಾಕ್ಸು, ಟೇಪು ಸುತ್ತಿ ಮಣ್ಣಿನಲ್ಲಿ ಹೂತ ಜಾಯಿಂಟು, ನೀರು ನಿಂತ ಪೈಪು, ಬಿಸಿಲಿಗೆ ಬಿರುಕು ಬಿಟ್ಟ ಕೇಬಲ್ಲು, ಇಲಿ ಕಡಿದ ಜಾಗ.

ಒಂದು ಗೇಟಿನ ಕಂಬದ ದೀಪ ಹೇಳುತ್ತೇನೆ. ಹೊರಗಿನಿಂದ ಹೊಸದರಂತಿತ್ತು, ಗಾಜಿನಲ್ಲಿ ಒಂದು ಗೀರೂ ಇಲ್ಲ. ಮುಚ್ಚಳ ತೆಗೆದರೆ ರಬ್ಬರ್ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು, ಕಡ್ಡಿ ತೂರುವಷ್ಟು ಸಂದಿ. ಆ ಸಂದಿಯಿಂದ ಇರುವೆ ಬಂದು ಟರ್ಮಿನಲ್ ಬ್ಲಾಕಿನ ಸುತ್ತ ನುಣ್ಣನೆ ಮಣ್ಣು ತುಂಬಿದ್ದವು. ಬಾಕ್ಸಿನ ಒಳಗೋಡೆಯಲ್ಲಿ ನೀರು ನಿಂತು ಆರಿದ ಬಿಳಿ ಗೆರೆಗಳು, ಒಂದರ ಮೇಲೊಂದು. ನ್ಯೂಟ್ರಲ್ ಸ್ಕ್ರೂ ಮೇಲೆ ಹಸಿರು ಕಿಲುಬು. ಅಲ್ಲಿಂದ ಅರ್ಥ್ ಸ್ಕ್ರೂವರೆಗೆ ಆ ಮಣ್ಣು ಗಟ್ಟಿಯಾಗಿ ಸೇತುವೆಯಂತೆ ಕೂತಿತ್ತು. ಒಣಗಿದ್ದಾಗ ಅದು ಬರೀ ಮಣ್ಣು. ಇಬ್ಬನಿಯ ತೇವ ಹತ್ತಿದ ಕೂಡಲೇ ಅದೇ ವೈರು. ಬ್ರಷ್ಷಿನಿಂದ ಕೆರೆದಾಗ ಉದುರಿದ್ದು ಒಂದು ಚಿಟಿಕೆ. ಆ ಮನೆಯಲ್ಲಿ ಆರ್‌ಸಿಸಿಬಿಯನ್ನೇ ಎರಡು ಸಲ ಬದಲಾಯಿಸಿದ್ದರು.

ನೆಲದೊಳಗೆ ಹೂತ ಕೇಬಲ್ಲೇ ಕೆಟ್ಟಿದ್ದರೆ ಅಗೆಯುವುದೊಂದೇ ದಾರಿಯಾ?

ಮೊದಲು ಎರಡೂ ತುದಿ ಬಿಚ್ಚಿ, ಕೇಬಲ್ ಒಂದನ್ನೇ ಅಳೆದು ಖಚಿತ ಮಾಡಿಕೊಳ್ಳಿ. ಕೆಟ್ಟಿದೆ ಅಂತಾದರೆ ಇತ್ತೀಚೆಗೆ ಎಲ್ಲಿ ಗುದ್ದಲಿ ಬಿತ್ತು, ಎಲ್ಲಿ ಗಿಡ ನೆಟ್ಟಿರಿ, ಎಲ್ಲಿ ಕಂಬ ಹೂತಿರಿ ನೆನಪು ಮಾಡಿಕೊಳ್ಳಿ. ಗುದ್ದಲಿ ತಾಗಿದ ಕೂಡಲೇ ಕೇಬಲ್ ಕೆಡಬೇಕೆಂದಿಲ್ಲ. ಹೊರಗಿನ ಸಿಪ್ಪೆ ಸೀಳಿ, ನೀರು ಒಳಗಿಳಿದು, ತಾಮ್ರ ಕೊರೆದು ತಿಂಗಳುಗಳಾದ ಮೇಲೆ ತೊಂದರೆ ಕೊಡಬಹುದು. ಉದ್ದ ಕೇಬಲ್ ಆದರೆ ತಪ್ಪಿನ ದೂರ ಅಂದಾಜು ಮಾಡುವ ಉಪಕರಣಗಳಿವೆ. ಚಿಕ್ಕದಾದರೆ, ಅದರಲ್ಲೂ ಪೈಪಿನಲ್ಲಿ ಹಾಕಿದ್ದರೆ, ಪೂರ್ತಿ ಎಳೆದು ಹೊಸದು ಹಾಕುವುದೇ ಮೇಲು.

ಪಂಪು ಹಾಕಿದ ಕೂಡಲೇ ಬೀಳಲ್ಲ, ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಬೀಳುತ್ತದೆ. ಯಾಕೆ?

ಮೋಟರಿನ ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಬಿಸಿಯಾದಂತೆ ಇನ್ಸುಲೇಶನ್ ರೆಸಿಸ್ಟೆನ್ಸ್ ಇಳಿಯುತ್ತದೆ. ಹಳೆಯ, ತೇವ ಎಳೆದುಕೊಂಡ ಮೋಟರಿನಲ್ಲಿ ಅದು ಟ್ರಿಪ್ ಆಗುವ ಮಟ್ಟಕ್ಕೆ ಬರಬಹುದು. ಹಾಗಾಗಿ ಅದನ್ನು ತಣ್ಣಗಿರುವಾಗ ಅಳೆದು ಪ್ರಯೋಜನವಿಲ್ಲ. ಬಿದ್ದ ಕೂಡಲೇ ಬಿಚ್ಚಿ ಅಳೆಯಿರಿ. ಸಬ್‌ಮರ್ಸಿಬಲ್ ಆದರೆ ಮೋಟರನ್ನು ದೂರುವ ಮೊದಲು ನೀರೊಳಗಿನ ಕೇಬಲ್ ಜಾಯಿಂಟು ನೋಡಬೇಕು.

ಎಲ್ಲ ಸರ್ಕ್ಯೂಟೂ ಚೆನ್ನಾಗಿದೆ. ಆದರೂ ಬೀಳುತ್ತದೆ. ಸುಮ್ನೆ ಬೀಳುತ್ತದಾ?

ಸುಮ್ನೆ ಬೀಳುವುದಿಲ್ಲ, ಆದರೆ ಒಂದೇ ಒಂದು ತಪ್ಪು ಇರಲೇಬೇಕೆಂದೂ ಇಲ್ಲ. ಎಲ್‌ಇಡಿ ಡ್ರೈವರ್, ಕಂಪ್ಯೂಟರ್, ಇನ್ವರ್ಟರ್ ಇರುವ ಯಂತ್ರಗಳ ಫಿಲ್ಟರ್ ಕೆಪಾಸಿಟರಿನಿಂದ ಅರ್ಥ್‌ಗೆ ಸ್ವಲ್ಪ ಕರೆಂಟು ಹೋಗುವುದು ಸಹಜ. ಉದ್ದ ಕೇಬಲ್ಲಿನಿಂದಲೂ ಸ್ವಲ್ಪ. ಒಂದೊಂದರಿಂದ ಅರ್ಧ, ಒಂದು ಮಿಲಿ ಆಂಪಿಯರ್ ಅಂತ ಸೇರುತ್ತಾ ಸೇರುತ್ತಾ 12, 13 ಆಯಿತು ಅಂದರೆ, ಹೊರಗಿನ ಬಾಕ್ಸಿನಲ್ಲಿ ಸ್ವಲ್ಪ ತೇವ ಬಂದರೂ ಸಾಕು. 30ರ ಆರ್‌ಸಿಸಿಬಿಗೆ ಈ ಮಾಮೂಲಿ ಸೋರಿಕೆ 9 ಮಿಲಿ ಆಂಪಿಯರ್ ದಾಟದಂತೆ ನೋಡಿಕೊಳ್ಳುವುದು ರೂಢಿ. ದಾಟಿದರೆ ಸರ್ಕ್ಯೂಟುಗಳನ್ನು ಹಂಚಬೇಕು. ಹೊರಗಿನದಕ್ಕೆ ಅದರದ್ದೇ ಆದ 30 ಮಿಲಿ ಆಂಪಿಯರ್ ಆರ್‌ಸಿಬಿಒ, ನ್ಯೂಟ್ರಲನ್ನೂ ಕಡಿಯುವ ಡಬಲ್ ಪೋಲ್ ಇರಲಿ. ಹೊರಗೆ ತಪ್ಪಾದರೆ ಹೊರಗಿನದು ಮಾತ್ರ ಬೀಳುತ್ತದೆ, ಮನೆಯೊಳಗೆ ಕತ್ತಲಾಗುವುದಿಲ್ಲ, ಮುಂದಿನ ಸಲ ಹುಡುಕುವ ಕೆಲಸವೂ ಅರ್ಧಕ್ಕೆ ಇಳಿಯುತ್ತದೆ.

ಆರ್‌ಸಿಸಿಬಿಯೇ ಕೆಟ್ಟಿರಬಹುದಲ್ಲ?

ಇರಬಹುದು, ಆದರೆ ಅದನ್ನು ಕೊನೆಗೆ ಅನುಮಾನಿಸಿ. ಟೆಸ್ಟರಿನಲ್ಲಿ ರ್‍ಯಾಂಪ್ ಟೆಸ್ಟ್ (ಸೋರಿಕೆಯನ್ನು ಮೆಲ್ಲಗೆ ಏರಿಸುತ್ತಾ ನೋಡುವುದು) ಮಾಡಿದರೆ ಅದು ಎಷ್ಟಕ್ಕೆ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಲೋಡ್ ಎಲ್ಲ ಬಿಚ್ಚಿ ನೋಡಿದಾಗ 22ಕ್ಕೋ 25ಕ್ಕೋ ಬಿದ್ದರೆ ಅದು ಚೆನ್ನಾಗಿದೆ. 15ಕ್ಕಿಂತ ಕೆಳಗೆ ಬಿದ್ದರೆ ಬದಲಾಯಿಸಿ. ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ ಬಿತ್ತು ಅಂದರೆ ಒಳಗಿನ ಯಂತ್ರ ಕೆಲಸ ಮಾಡುತ್ತಿದೆ ಅಂತ ಅಷ್ಟೇ. ನಿಮ್ಮ ಅರ್ಥಿಂಗ್ ಸರಿಯಿದೆ ಅಂತ ಆ ಬಟನ್ ಹೇಳುವುದಿಲ್ಲ.

ಗುಡುಗು ಸಿಡಿಲಿಗೆ ಮಾತ್ರ ಬೀಳುತ್ತಿದ್ದರೆ ಅದು ಲೈನಿನಲ್ಲಿ ಬಂದ ಸರ್ಜ್, ಅಂದರೆ ಕ್ಷಣಕಾಲ ಏರುವ ವೋಲ್ಟೇಜ್, ಇರಬಹುದು. ಸರ್ಜ್ ಪ್ರೊಟೆಕ್ಟರನ್ನು ಆರ್‌ಸಿಸಿಬಿಗಿಂತ ಮೊದಲು ಹಾಕಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ.

30ರ ಬದಲು 100 ಹಾಕಿದರೆ ನಿಲ್ಲುತ್ತದಂತೆ. ಅರ್ಥ್ ವೈರ್ ಬಿಚ್ಚಿದರೂ ನಿಲ್ಲುತ್ತದಂತೆ. ನಿಜವಾ?

ಎರಡೂ ನಿಜ, ಎರಡೂ ಜೀವಕ್ಕೆ ಅಪಾಯ. 30 ಮಿಲಿ ಆಂಪಿಯರ್ ಅನ್ನುವುದು ಮನುಷ್ಯರ ಹೃದಯವನ್ನು ನೋಡಿ ಇಟ್ಟ ಮಿತಿ. 100, 300 ಇರುವುದು ಬೆಂಕಿಯಿಂದ ಕಾಪಾಡಲು, ಮೈಗೆ ತಾಗಿದ ಕರೆಂಟಿನಿಂದ ಕಾಪಾಡಲು ಅಲ್ಲ.

ಅರ್ಥ್ ಬಿಚ್ಚುವುದು ಇನ್ನೂ ಕೆಟ್ಟದ್ದು. ಸೋರುವ ಕರೆಂಟಿಗೆ ಇದ್ದ ಸುರಕ್ಷಿತ ದಾರಿ ಅದೊಂದೇ. ಅದನ್ನು ತೆಗೆದರೆ ಕರೆಂಟು ದೀಪದ ಕಂಬದ ಲೋಹದ ಮೇಲೆ ಕಾಯುತ್ತಾ ಕೂರುತ್ತದೆ. ಆರ್‌ಸಿಸಿಬಿಗೆ ವ್ಯತ್ಯಾಸ ಕಾಣುವುದಿಲ್ಲ, ಬೀಳುವುದಿಲ್ಲ, ಎಲ್ಲ ಸರಿಹೋಯಿತು ಅಂತ ಅನ್ನಿಸುತ್ತದೆ. ಒಂದು ಮಗು ಬಂದು ಕಂಬ ಹಿಡಿದಾಗ ಆ ಮಗುವೇ ಅರ್ಥ್ ವೈರ್ ಆಗುತ್ತದೆ. ಯಾರಾದರೂ ನಿಮ್ಮಲ್ಲಿ ಹೀಗೆ ಮಾಡಿ ಹೋಗಿದ್ದರೆ ಇವತ್ತೇ ಆ ಸರ್ಕ್ಯೂಟನ್ನು ಪೂರ್ತಿ ಬಂದ್ ಮಾಡಿಸಿ. ತೋಟದಲ್ಲಿ ಸ್ವಲ್ಪ ದಿನ ದೀಪವಿಲ್ಲದಿದ್ದರೆ ಏನೂ ಆಗುವುದಿಲ್ಲ.

ತಪ್ಪು ಸಿಕ್ಕಿತು. ಟೇಪು ಚೆನ್ನಾಗಿ ಸುತ್ತಿದರೆ ಸಾಲದಾ?

ಸಾಲದು. ಪಿವಿಸಿ ಟೇಪು ನೀರು ತಡೆಯುವುದಿಲ್ಲ. ಅದರ ಅಂಟು ಬಿಸಿಲಿಗೆ ಕರಗುತ್ತದೆ, ಸುತ್ತಿನ ಸಂದಿಯಲ್ಲಿ ನೀರು ನಿಲ್ಲುತ್ತದೆ. ಜೆಲ್ ತುಂಬಿದ ಕನೆಕ್ಟರ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ಅಥವಾ ರೆಸಿನ್ ಸುರಿದ ಜಾಯಿಂಟು ಬಳಸಿ. ಮಣ್ಣಿನೊಳಗಿನ ಜಾಯಿಂಟಿಗಾದರೆ ರೆಸಿನ್ ಒಂದೇ ನನಗೆ ನಂಬಿಕೆ. ಕಪ್ಪು ಗೆರೆ ಬಿದ್ದ ಟರ್ಮಿನಲ್ ಬ್ಲಾಕನ್ನು ಒರೆಸಿ ಮತ್ತೆ ಹಾಕಬೇಡಿ, ಬಿಸಾಕಿ. ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಬರುವವರೆಗೆ ಕತ್ತರಿಸಿ.

ಬಾಕ್ಸಿಗೆ ಕೇಬಲ್ ಕೆಳಗಿನಿಂದಲೇ ಬರಲಿ. ಬರುವ ಮೊದಲು ಒಂದು ಬಾಗು ಇಳಿಯಲಿ, ನೀರು ಅಲ್ಲೇ ತೊಟ್ಟಿಕ್ಕಲಿ. ಐಪಿ 65 (ಧೂಳು, ನೀರು ಒಳಹೋಗದು) ಅಂತ ಬರೆದ ಬಾಕ್ಸು ತಂದು ಅದಕ್ಕೆ ಡ್ರಿಲ್ಲಿನಿಂದ ತೂತು ಹಾಕಿ ಬರೀ ವೈರು ತೂರಿಸಿದರೆ ಆ 65ಕ್ಕೆ ಅರ್ಥ ಉಳಿಯುವುದಿಲ್ಲ, ಗ್ಲ್ಯಾಂಡ್ ಹಾಕಲೇಬೇಕು. ತೇವ ಸೇರುವ ಜಾಗದ ಬಾಕ್ಸಿಗೆ, ತಯಾರಿಸಿದವರು ಅದಕ್ಕೆಂದೇ ಬಿಟ್ಟ ತಳದ ಸಣ್ಣ ತೂತನ್ನು ತೆರೆದಿಡಿ. ಸುತ್ತ ಸಿಲಿಕೋನ್ ಬಳಿದು ಅದನ್ನೂ ಮುಚ್ಚಿದರೆ ಒಳಗೆ ಕೂತ ನೀರು ಹೊರಬರುವುದಿಲ್ಲ.

ರಿಪೇರಿ ನಿಜವಾಗಿ ಆಯಿತು ಅಂತ ಯಾವಾಗ ನಂಬಬಹುದು?

ಬೀಳದೇ ಇರುವುದನ್ನಷ್ಟೇ ನೋಡಿ ನಂಬಬೇಡಿ, ಮೊದಲೂ ಅದು ದಿನಗಟ್ಟಲೆ ಬೀಳದೇ ಇತ್ತು. ಅಂಕಿ ನೋಡಿ. ಮುಚ್ಚಿದ ಮೇಲೆ ಮತ್ತೆ ಮೆಗ್ಗರ್ ಹಾಕಿಸಿ, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಎರಡೂ ಬರೆಸಿ. ಅದೇ ಝಾರಿಯಿಂದ ಅದೇ ಜಾಗಕ್ಕೆ ನೀರು ಬಿಟ್ಟು ಇನ್ನೊಮ್ಮೆ ಅಳೆಯಿರಿ. 2 ಇದ್ದದ್ದು 200 ಆಗಿ, ನೆನೆಸಿದರೂ 200 ಉಳಿದರೆ ತಪ್ಪು ಅಲ್ಲೇ ಇತ್ತು. 2 ಇದ್ದದ್ದು 5 ಆದರೆ ಒಂದನ್ನು ಸರಿಮಾಡಿದ್ದೀರಿ, ಇನ್ನೊಂದು ಉಳಿದಿದೆ. ಆ ಅಂಕಿಗಳನ್ನು ದಿನಾಂಕದ ಜೊತೆ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮಳೆಗಾಲ ಒಂದು ಕಳೆದ ಮೇಲೆ ಮತ್ತೆ ಅಳೆದಾಗ ಹೋಲಿಸಲು ಬೇಕಾಗುತ್ತದೆ.